ಬೀದರಿನ ಒಂದು ಬಿದ್ರಿ ಅಂಗಡಿಯ ಜಾಲತಾಣ ಮತ್ತು ಹಳೆಯ ತಂತ್ರಾಂಶದಿಂದ ಬಯಸಿದ ಹೊಸ ಅನುಕೂಲಗಳು

ಹಿನ್ನೆಲೆ

ಬೀದರಿನ ಹಳೆಯ ಊರಿನಲ್ಲಿ, ಚೌಬಾರಾದಿಂದ ಮಹಮೂದ್ ಗವಾನ್ ಮದರಸಾದ ಕಡೆಗೆ ಹೋಗುವ ದಾರಿಯ ಆಸುಪಾಸಿನಲ್ಲಿರುವ ಒಂದು ಬಿದ್ರಿ ಅಂಗಡಿಯ ಜಾಲತಾಣವೇ ಈ ಅಧ್ಯಯನದ ವಿಷಯ. ಅಂಗಡಿಯ ಹಿಂಬದಿಯಲ್ಲಿ ಕೆಲಸದ ಕೋಣೆಯಿದೆ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ಯುವುದು, ಮೇಲ್ಮೈಯಲ್ಲಿ ಉಳಿಯಿಂದ ಚಿತ್ತಾರ ಕೊರೆಯುವುದು, ಕೊರೆದ ಗೆರೆಯೊಳಗೆ ಬೆಳ್ಳಿಯ ತಂತಿ ಅಥವಾ ತಗಡನ್ನು ಕೂಡಿಸುವುದು, ಕೊನೆಗೆ ಕೋಟೆಯ ಮಣ್ಣು ಮತ್ತು ನವಸಾಗರ ಬೆರೆಸಿದ ದ್ರಾವಣದಿಂದ ಲೋಹವನ್ನು ಕಪ್ಪಾಗಿಸಿ ಬೆಳ್ಳಿಯನ್ನು ಮಾತ್ರ ಹೊಳೆಯುವಂತೆ ಬಿಡುವುದು, ಇವೆಲ್ಲವೂ ಅಲ್ಲಿಯೇ ನಡೆಯುತ್ತವೆ. ಬಿದ್ರಿಗೆ ಭೌಗೋಳಿಕ ಗುರುತಿನ ಮಾನ್ಯತೆ 2006ರಲ್ಲಿ ದೊರೆಯಿತು. ಅದರ ಮರುವರ್ಷವೇ ಅಂಗಡಿಯವರು ತಮ್ಮದೊಂದು ಜಾಲತಾಣ ಬೇಕೆಂದು ನಗರದ ಒಂದು ಡಿಟಿಪಿ ಕೇಂದ್ರದಲ್ಲಿ ಪುಟಗಳನ್ನು ಮಾಡಿಸಿದರು. ಅಂಗಡಿಯ ಹೆಸರನ್ನೂ ತಾಣದ ವಿಳಾಸವನ್ನೂ ಇಲ್ಲಿ ಕೊಟ್ಟಿಲ್ಲ; ವಿಷಯಕ್ಕೆ ಅವು ಬೇಕಾಗಿಯೂ ಇಲ್ಲ.

ಮೊದಲ ಪುಟಗಳು ಸಿದ್ಧವಾದದ್ದು ಮೈಕ್ರೋಸಾಫ್ಟ್ ಫ್ರಂಟ್‌ಪೇಜ್ 2003 ಎಂಬ, ಜಾಲಪುಟ ಮಾಡುವ ತಂತ್ರಾಂಶದಲ್ಲಿ. ಆಫೀಸ್ ಬಳಸಿ ಬಲ್ಲವರಿಗೆ ಅದು ಕಲಿಯಲು ಸುಲಭವಾಗಿತ್ತು, ಹೀಗಾಗಿ ಆ ಕಾಲದ ಸಣ್ಣ ತಾಣಗಳು ಬಹಳಷ್ಟು ಅದರಲ್ಲೇ ಹುಟ್ಟಿದವು. ಫ್ರಂಟ್‌ಪೇಜಿನ ಸ್ಥಾನಕ್ಕೆ ಮುಂದೆ ಎಕ್ಸ್‌ಪ್ರೆಷನ್ ವೆಬ್ ಬಂತು. ಅದರ ನಾಲ್ಕನೆಯ ಮತ್ತು ಕೊನೆಯ ಆವೃತ್ತಿ 2010ರ ಜೂನ್‌ನಲ್ಲಿ ಹೊರಬಿತ್ತು. 2012ರ ಡಿಸೆಂಬರ್‌ನಲ್ಲಿ ಮೈಕ್ರೋಸಾಫ್ಟ್ ಮುಂದಿನ ಆವೃತ್ತಿಗಳು ಇರುವುದಿಲ್ಲವೆಂದು ಪ್ರಕಟಿಸಿ, ಇದ್ದ ಆವೃತ್ತಿಯನ್ನು ಉಚಿತವಾಗಿ ಇಳಿಸಿಕೊಳ್ಳಲು ಬಿಟ್ಟಿತು. ನಮ್ಮ ಅಂಗಡಿಯ ತಾಣವನ್ನು ನೋಡಿಕೊಳ್ಳುವ ಮಹಿಳೆ, ಈ ಬರಹದಲ್ಲಿ ಅವರನ್ನು ಆಪರೇಟರ್ ಎಂದೇ ಕರೆಯುತ್ತೇನೆ, ಆ ಉಚಿತ ಪ್ರತಿಯನ್ನು 2013ರಲ್ಲಿ ಹಾಕಿಕೊಂಡರು. ಇಂದಿಗೂ ಅದರಲ್ಲಿಯೇ ಕೆಲಸ ಮಾಡುತ್ತಾರೆ. ತಾಣವನ್ನು ಸರಿಪಡಿಸಲು ನನ್ನನ್ನು ಕರೆದಾಗ ಅವರು ಇಟ್ಟ ಷರತ್ತು ಒಂದೇ: ತಂತ್ರಾಂಶ ಬದಲಿಸುವ ಮಾತು ಬೇಡ, ತಾಣ ಬದಲಾಗಲಿ.

ಈ ಷರತ್ತನ್ನು ಕೇಳಿದವರು ಸಾಮಾನ್ಯವಾಗಿ ನಗುತ್ತಾರೆ. ಹದಿನೈದು ವರ್ಷ ಹಳೆಯ ತಂತ್ರಾಂಶಕ್ಕೆ ಅಂಟಿಕೊಂಡಿರುವುದು ರೂಢಿಯ ಮೊಂಡುತನವೆಂದು ತೀರ್ಮಾನಿಸುವುದೂ ಸುಲಭ. ಆದರೆ ಆಪರೇಟರ್ ಕೆಲಸ ಮಾಡುವುದನ್ನು ಕೆಲವು ದಿನ ಪಕ್ಕದಲ್ಲಿ ಕುಳಿತು ನೋಡಿದ ಮೇಲೆ, ಆ ಹಟಕ್ಕೆ ಲೆಕ್ಕಾಚಾರದ ಬೆಂಬಲವಿದೆಯೆಂದು ನನಗೆ ಅನಿಸಿತು.

ಹಳೆಯ ತಂತ್ರಾಂಶದಲ್ಲಿ ಇರುವುದೇನು

ಇಡೀ ತಾಣ ಅವರ ಕಂಪ್ಯೂಟರಿನ ಒಂದು ಫೋಲ್ಡರಿನಲ್ಲಿದೆ. ಡೇಟಾಬೇಸ್ ಇಲ್ಲ, ಲಾಗಿನ್ ಇಲ್ಲ, ತಿಂಗಳ ಬಾಡಿಗೆಯಿಲ್ಲ. ಇಂಟರ್ನೆಟ್ ಹೋದರೂ ಪುಟ ತಿದ್ದುವ ಕೆಲಸ ನಿಲ್ಲುವುದಿಲ್ಲ. ಮೇ ತಿಂಗಳ ಮಧ್ಯಾಹ್ನ ಕರೆಂಟ್ ಹೋದರೆ ಲ್ಯಾಪ್‌ಟಾಪಿನ ಬ್ಯಾಟರಿ ಇರುವಷ್ಟು ಹೊತ್ತು ಕೆಲಸ ಸಾಗುತ್ತದೆ. ಪುಟಗಳ ತಲೆ, ಬುಡ ಮತ್ತು ಮೆನುವನ್ನು ಒಂದು ಡೈನಾಮಿಕ್ ವೆಬ್ ಟೆಂಪ್ಲೇಟಿನಲ್ಲಿ ಇಟ್ಟು, ತಿದ್ದಬಹುದಾದ ಭಾಗವನ್ನು ಮಾತ್ರ ಗುರುತು ಹಾಕಿ ಬಿಟ್ಟರೆ, ಟೆಂಪ್ಲೇಟಿನಲ್ಲಿ ಮಾಡಿದ ಒಂದು ಬದಲಾವಣೆ ಅದಕ್ಕೆ ಹೊಂದಿಕೊಂಡ ಎಲ್ಲ ಪುಟಗಳಿಗೂ ಹರಿಯುತ್ತದೆ. ಅಂಗಡಿಯ ದೂರವಾಣಿ ಸಂಖ್ಯೆ ಬದಲಾದಾಗ ಅವರು ಮುಟ್ಟಿದ್ದು ಒಂದೇ ಫೈಲು.

ಇದಕ್ಕಿಂತಲೂ ನನ್ನ ಗಮನ ಸೆಳೆದದ್ದು ಲಿಂಕುಗಳ ನಿರ್ವಹಣೆ. ಸುರಾಹಿಯ ಪುಟದ ಫೈಲಿಗೆ ಹಿಂದೆ ಯಾರೋ ‘ಹೊಸತು-2’ ಎಂದು ಹೆಸರಿಟ್ಟಿದ್ದರು. ಆಪರೇಟರ್ ಫೋಲ್ಡರ್ ಪಟ್ಟಿಯಲ್ಲಿ ಅದರ ಹೆಸರನ್ನು ಬದಲಿಸಿದ ಕೂಡಲೇ, ಆ ಪುಟಕ್ಕೆ ಲಿಂಕ್ ಇರುವ ಇತರ ಪುಟಗಳನ್ನೂ ತಿದ್ದಬೇಕೇ ಎಂದು ತಂತ್ರಾಂಶ ಕೇಳಿತು. ಹೌದು ಎಂದು ಒತ್ತಿದರು, ಲಿಂಕುಗಳೆಲ್ಲ ತಾವಾಗಿ ಸರಿಯಾದವು. ಇಂದು ವೃತ್ತಿಪರರು ಬಳಸುವ ಅನೇಕ ಪಠ್ಯ ಸಂಪಾದಕಗಳಲ್ಲಿ ಈ ಸೌಕರ್ಯಕ್ಕೆ ಪ್ರತ್ಯೇಕ ವಿಸ್ತರಣೆ ಹುಡುಕಬೇಕು. ಮೇಲರ್ಧದಲ್ಲಿ ಕೋಡ್, ಕೆಳಗರ್ಧದಲ್ಲಿ ಪುಟದ ರೂಪ ತೋರಿಸುವ ಇಬ್ಭಾಗದ ನೋಟವೂ ಹಾಗೆಯೇ. ಕೋಡನ್ನು ಅರ್ಧ ಬಲ್ಲವರಿಗೆ ಉಳಿದರ್ಧವನ್ನು ಕಲಿಸುವ ಗುಣ ಅದಕ್ಕಿದೆ. ಆಪರೇಟರ್ ಪುಟ ಬರೆಯುವ ಭಾಷೆಯಾದ ಎಚ್‌ಟಿಎಂಎಲ್ ಕಲಿತದ್ದು ಯಾವ ತರಗತಿಯಲ್ಲೂ ಅಲ್ಲ, ಈ ನೋಟದಲ್ಲಿ ಕೆಳಗೆ ಒತ್ತಿ ಮೇಲೆ ಏನಾಯಿತೆಂದು ನೋಡುತ್ತ.

ತೊಂದರೆ ಎಲ್ಲಿಂದ ಬಂತು

2023ರ ಜನವರಿಯಲ್ಲಿ ಬೀದರಿನ ಬಿದ್ರಿ ಕಲಾವಿದ ಶಾಹ್ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಘೋಷಣೆಯಾಯಿತು. ಆ ವರ್ಷ ಬಿದ್ರಿಯ ಹೆಸರು ಎಲ್ಲೆಡೆ ಓಡಾಡಿತು. ಈ ಅಂಗಡಿಗೂ ಹೊರಊರುಗಳಿಂದ ವಿಚಾರಣೆಗಳು ಬಂದವು. ವಿಚಾರಿಸಿದವರಲ್ಲಿ ಹಲವರು ಹೇಳಿದ್ದು ಒಂದೇ ಮಾತು: ತಾಣ ಸಿಕ್ಕಿತು, ಆದರೆ ಫೋನಿನಲ್ಲಿ ಓದಲು ಆಗಲಿಲ್ಲ. ಹೈದರಾಬಾದಿನ ಒಬ್ಬ ಗ್ರಾಹಕರು ತಾಣದ ಫಾರ್ಮಿನಲ್ಲಿ ಎರಡು ಬಾರಿ ಬರೆದರೂ ಉತ್ತರ ಬರಲಿಲ್ಲವೆಂದು ಅಂಗಡಿಗೇ ಬಂದು ಆಕ್ಷೇಪಿಸಿದರು.

ಫಾರ್ಮಿನ ಕಥೆ ಚಿಕ್ಕದು. ಫ್ರಂಟ್‌ಪೇಜಿನ ಫಾರ್ಮು, ಭೇಟಿ ಎಣಿಸುವ ಕೌಂಟರ್ ಮುಂತಾದವು ನಡೆಯಬೇಕಾದರೆ ಸರ್ವರಿನಲ್ಲಿ ಫ್ರಂಟ್‌ಪೇಜ್ ಸರ್ವರ್ ಎಕ್ಸ್‌ಟೆನ್ಷನ್ಸ್ ಎಂಬ ಪೂರಕ ತಂತ್ರಾಂಶಗಳು ಇರಬೇಕಿತ್ತು. ಹೋಸ್ಟಿಂಗ್ ಸರ್ವರ್ ಬದಲಾದಾಗ ಅವು ಹೋದವು, ಪುಟದ ಮೇಲೆ ಫಾರ್ಮಿನ ಚಿತ್ರ ಮಾತ್ರ ಉಳಿಯಿತು. ‘ಕಳುಹಿಸಿ’ ಎಂಬ ಗುಂಡಿಯ ಹಿಂದೆ ಏನೂ ಇರಲಿಲ್ಲ.

ಓದಲಾಗದಿರುವ ಕಾರಣವನ್ನು ಸ್ವಲ್ಪ ವಿವರವಾಗಿ ನೋಡಬೇಕು. ಪುಟಗಳನ್ನು 760 ಪಿಕ್ಸೆಲ್ ಅಗಲದ ಕೋಷ್ಟಕದೊಳಗೆ ಕಟ್ಟಲಾಗಿತ್ತು, ಏಕೆಂದರೆ ಮಾಡಿದ ಕಾಲದಲ್ಲಿ 800 ಪಿಕ್ಸೆಲ್ ಅಗಲದ ಮಾನಿಟರುಗಳು ಇನ್ನೂ ಬಳಕೆಯಲ್ಲಿದ್ದವು. ಪರದೆಯ ಅಗಲಕ್ಕೆ ಹೊಂದಿಸು ಎನ್ನುವ ವ್ಯೂಪೋರ್ಟ್ ಎಂಬ ಸೂಚನೆಯಿಲ್ಲದ ಪುಟ ಸಿಕ್ಕರೆ ಮೊಬೈಲ್ ಬ್ರೌಸರು ಅದನ್ನು ಸುಮಾರು 980 ಪಿಕ್ಸೆಲ್ ಅಗಲದ ಪರದೆಗೆ ಮಾಡಿದ್ದೆಂದು ಭಾವಿಸಿ, ಇಡೀ ಪುಟವನ್ನು ಕುಗ್ಗಿಸಿ ತೋರಿಸುತ್ತದೆ. ಅಕ್ಷರಗಳು ಇರುವೆಯ ಸಾಲಾಗುತ್ತವೆ. 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಆರಂಭವಾದ ಮೇಲೆ ನಮ್ಮ ಭಾಗದಲ್ಲಿ ಜನ ಇಂಟರ್ನೆಟ್ ನೋಡುವುದೇ ಫೋನಿನಲ್ಲಿ ಎಂಬಂತಾಯಿತು. ಗೂಗಲ್ ಅದಕ್ಕೂ ಮೊದಲೇ, 2015ರ ಏಪ್ರಿಲ್‌ನಿಂದ, ಫೋನಿಗೆ ಹೊಂದುವ ಪುಟಗಳಿಗೆ ಮೊಬೈಲ್ ಹುಡುಕಾಟದಲ್ಲಿ ಆದ್ಯತೆ ಕೊಡತೊಡಗಿತ್ತು. 2018ರ ಜುಲೈನಿಂದ ಕ್ರೋಮ್ ಬ್ರೌಸರು ಎಚ್‌ಟಿಟಿಪಿಎಸ್ ಎಂಬ ಗೂಢಲಿಪಿಯ ಸಂಪರ್ಕ ಇಲ್ಲದ ತಾಣಗಳ ವಿಳಾಸದ ಪಕ್ಕ ‘ಸುರಕ್ಷಿತವಲ್ಲ’ ಎಂದು ಬರೆಯಿತು. ಬೆಳ್ಳಿಯ ವಸ್ತು ಮಾರುವವರ ತಾಣದ ನೆತ್ತಿಯ ಮೇಲೆ ಆ ಮಾತು ಐದು ವರ್ಷ ಇದ್ದರೆ ವ್ಯಾಪಾರಕ್ಕೆ ಏನಾದೀತೆಂದು ಹೇಳಬೇಕಿಲ್ಲ.

ಇದಕ್ಕೆಲ್ಲ ತಂತ್ರಾಂಶವನ್ನು ದೂರುವುದು ನ್ಯಾಯವಲ್ಲ, ಅದರ ಕಾಲವನ್ನು ನೆನಪಿಡಬೇಕು. ಪರದೆಗೆ ತಕ್ಕಂತೆ ಹೊಂದಿಕೊಳ್ಳುವ ವಿನ್ಯಾಸದ ಕಲ್ಪನೆಯನ್ನು ಈಥನ್ ಮಾರ್ಕಾಟ್ ತಮ್ಮ ಲೇಖನದಲ್ಲಿ ಮಂಡಿಸಿ ಅದಕ್ಕೆ ಹೆಸರಿಟ್ಟದ್ದು 2010ರ ಮೇ ತಿಂಗಳಲ್ಲಿ. ಎಕ್ಸ್‌ಪ್ರೆಷನ್ ವೆಬ್‌ನ ಕೊನೆಯ ಆವೃತ್ತಿ ಬಂದದ್ದು ಮರುತಿಂಗಳು. ಆ ಕಲ್ಪನೆಗೆ ಆಧಾರವಾದ, ಪರದೆಯ ಅಗಲ ನೋಡಿ ಶೈಲಿ ಬದಲಿಸುವ ಮೀಡಿಯಾ ಕ್ವೆರಿಗಳು ವೆಬ್ ಮಾನದಂಡ ರೂಪಿಸುವ ಸಂಸ್ಥೆಯಾದ ಡಬ್ಲ್ಯು3ಸಿಯ ಅಧಿಕೃತ ಶಿಫಾರಸಾದದ್ದು 2012ರ ಜೂನ್‌ನಲ್ಲಿ. ಪುಟದ ರೂಪವನ್ನು ಹೇಳುವ ಸಿಎಸ್‌ಎಸ್ ಭಾಷೆಯಲ್ಲಿ ಅಂಶಗಳನ್ನು ಅಡ್ಡ, ಉದ್ದ ಸಾಲುಗಳಲ್ಲಿ ಜೋಡಿಸುವ ಗ್ರಿಡ್ ಪ್ರಮುಖ ಬ್ರೌಸರುಗಳಿಗೆ ಬಂದದ್ದು 2017ರ ಮಾರ್ಚ್‌ನಲ್ಲಿ, ಅಷ್ಟರಲ್ಲಿ ಈ ತಂತ್ರಾಂಶದ ಬೆಳವಣಿಗೆ ನಿಂತು ನಾಲ್ಕು ವರ್ಷ ಕಳೆದಿತ್ತು. ವೆಬ್ ತಿರುವು ತೆಗೆದುಕೊಳ್ಳುವ ಹೊತ್ತಿಗೆ ಸರಿಯಾಗಿ ಅದು ನಿವೃತ್ತವಾಯಿತು.

ಬೇರೆ ದಾರಿಗಳನ್ನು ನೋಡಿದ್ದು

ಷರತ್ತು ಇದ್ದರೂ ಪರ್ಯಾಯಗಳನ್ನು ತೂಗಿ ನೋಡುವುದು ನನ್ನ ಕರ್ತವ್ಯವಾಗಿತ್ತು. ತಾಣವನ್ನು ಸರ್ವರಿನಲ್ಲಿಯೇ ನಡೆಸುವ ವರ್ಡ್‌ಪ್ರೆಸ್ ಸಹಜ ಉತ್ತರವೆಂದು ಎಲ್ಲರೂ ಹೇಳುತ್ತಾರೆ. ಆದರೆ ವರ್ಷಕ್ಕೆ ಹತ್ತಾರು ಬಾರಿ ಬದಲಾಗುವ ತಾಣಕ್ಕೆ ಡೇಟಾಬೇಸು, ಥೀಮು, ಪ್ಲಗಿನ್ನುಗಳನ್ನು ವಾರವಾರವೂ ಪರಿಷ್ಕರಿಸುತ್ತ ಕೂರುವ ಹೊರೆ ಹೆಚ್ಚೇ ಆಯಿತು. ತಿಂಗಳ ಚಂದಾದ ಆನ್‌ಲೈನ್ ಬಿಲ್ಡರುಗಳಲ್ಲಿ ಪುಟ ಅಂದವಾಗಿ ಬರುತ್ತದೆ, ಆದರೆ ಚಂದಾ ನಿಂತ ದಿನ ಪುಟವೂ ನಿಲ್ಲುತ್ತದೆ. ಡ್ರೀಮ್‌ವೀವರ್‌ನಲ್ಲಿ ಇಂಥದೇ ಟೆಂಪ್ಲೇಟ್ ವ್ಯವಸ್ಥೆಯಿದೆ. ಅದೂ ಈಗ ಚಂದಾ ಮೇಲೆಯೇ ದೊರೆಯುತ್ತದೆ. ಪೈನ್‌ಗ್ರೋ ಎಂಬ ಡೆಸ್ಕ್‌ಟಾಪ್ ಸಂಪಾದಕ ನಮ್ಮ ಬಯಕೆಗೆ ಬಹಳ ಹತ್ತಿರ ಬಂತು, ಕಂಪ್ಯೂಟರಿನಲ್ಲಿರುವ ಫೈಲುಗಳನ್ನೇ ತೆರೆದು ಗ್ರಿಡ್ ಮುಂತಾದವನ್ನು ಕಣ್ಣೆದುರೇ ತೋರಿಸುತ್ತದೆ. ಆದರೆ ಅದರ ಫಲಕಗಳು ಸಿಎಸ್‌ಎಸ್ ಬಲ್ಲವರನ್ನು ಉದ್ದೇಶಿಸಿ ಮಾಡಿದವು, ಆಪರೇಟರ್ ಅರ್ಧ ಗಂಟೆಯಲ್ಲಿ ಅದನ್ನು ಮುಚ್ಚಿದರು.

ಹೊಸತನ್ನು ಆರಿಸಿದರೆ ನಿಶ್ಚಿಂತೆ ಎಂಬುದೂ ಭ್ರಮೆಯೇ. ಅಡೋಬಿ ಮ್ಯೂಸ್ ಕೋಡ್ ಬರೆಯದೆ ತಾಣ ಮಾಡುವವರಿಗೆಂದೇ ಬಂದ ತಂತ್ರಾಂಶ. 2018ರ ಮಾರ್ಚ್‌ನಲ್ಲಿ ಅದರ ಬೆಳವಣಿಗೆ ನಿಲ್ಲಿಸುವುದಾಗಿ ಕಂಪನಿ ಪ್ರಕಟಿಸಿತು, 2020ರ ಮಾರ್ಚ್‌ಗೆ ಬೆಂಬಲವೂ ಕೊನೆಗೊಂಡಿತು. ಆಪಲ್‌ನ ಐವೆಬ್ ಕೂಡ 2006ರಲ್ಲಿ ಬಂದು 2011ರ ಹೊತ್ತಿಗೆ ಹೊರಟುಹೋಯಿತು. ಇಂಥ ತಂತ್ರಾಂಶ ಹೋದಾಗ ಉಳಿಯುವುದು ಅದು ಬರೆದಿಟ್ಟ ಫೈಲುಗಳು ಮಾತ್ರ, ಮತ್ತು ಆ ಫೈಲುಗಳು ಬೇರೆ ಯಾವುದರಲ್ಲಾದರೂ ತೆರೆಯುತ್ತವೆಯೇ ಎಂಬ ಪ್ರಶ್ನೆ. ಎಕ್ಸ್‌ಪ್ರೆಷನ್ ವೆಬ್ ಬರೆಯುವುದು ಸಾದಾ ಎಚ್‌ಟಿಎಂಎಲ್. ಈ ಒಂದು ಗುಣಕ್ಕಾಗಿ ನಾನು ಆಪರೇಟರ್ ಅವರ ಷರತ್ತನ್ನು ಒಪ್ಪಿಕೊಂಡೆ.

ಹತ್ತಿರದಿಂದ ಕಂಡ ಮೂರು ತೊಡಕುಗಳು

ಮೊದಲನೆಯದು ಕನ್ನಡ ಅಕ್ಷರಗಳದ್ದು. ಫ್ರಂಟ್‌ಪೇಜ್ ಕಾಲದ ಪುಟಗಳ ತಲೆಯಲ್ಲಿ ವಿಂಡೋಸ್-1252 ಎಂಬ ಪಾಶ್ಚಾತ್ಯ ಅಕ್ಷರ ಸಂಕೇತದ ಘೋಷಣೆಯಿತ್ತು. ಅದರಲ್ಲಿ ಕನ್ನಡಕ್ಕೆ ಜಾಗವಿಲ್ಲವಾದ್ದರಿಂದ ತಂತ್ರಾಂಶ ಒಂದೊಂದು ಅಕ್ಷರವನ್ನೂ ಅದರ ಯೂನಿಕೋಡ್ ಸಂಖ್ಯೆಯಾಗಿ ಬರೆದಿಟ್ಟಿತ್ತು. ‘ಬೀದರ’ ಎಂಬ ಪದ ಕೋಡ್ ನೋಟದಲ್ಲಿ ಬೀದರ ಎಂದು ಕಾಣುತ್ತಿತ್ತು. ಬ್ರೌಸರಿಗೆ ಇದರಿಂದ ತೊಂದರೆಯಿಲ್ಲ, ಅದು ಸರಿಯಾಗಿಯೇ ಓದುತ್ತದೆ. ತೊಂದರೆ ತಿದ್ದುವವರಿಗೆ. ಕೋಡಿನಲ್ಲಿ ‘ಬೀದರ’ ಎಂದು ಹುಡುಕಿದರೆ ಸಿಗುವುದಿಲ್ಲ. ಒಂದು ಕಾಗುಣಿತ ತಪ್ಪನ್ನು ತಿದ್ದಲು ಸಂಖ್ಯೆಗಳ ಕಾಡಿನೊಳಗೆ ಇಳಿಯಬೇಕು. ಕನ್ನಡವನ್ನೂ ನೇರವಾಗಿ ಬರೆಯಬಲ್ಲ ಯುಟಿಎಫ್-8 ಸಂಕೇತದಲ್ಲಿ ಹನ್ನೆರಡು ಬೈಟಿನಲ್ಲಿ ಮುಗಿಯುವ ಆ ಪದ ಇಲ್ಲಿ ಇಪ್ಪತ್ತೆಂಟು ಬೈಟು ತಿನ್ನುತ್ತದೆ. ಇನ್ನು ಕೆಲವು ಪುಟಗಳಲ್ಲಿ ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ, ಯೂನಿಕೋಡ್ ಅಲ್ಲದ ಫಾಂಟಿನಲ್ಲಿ ಟೈಪಿಸಿದ ವಿವರಣೆಗಳು ಇದ್ದವು. ಆ ಫಾಂಟ್ ಇಲ್ಲದ ಫೋನಿನಲ್ಲಿ ಅವು ಅರ್ಥವಿಲ್ಲದ ಲ್ಯಾಟಿನ್ ಚಿಹ್ನೆಗಳ ರಾಶಿಯಾಗಿ ಕಾಣುತ್ತಿದ್ದವು.

ಇದರ ಜೊತೆಗೆ ಸಾಲಿನ ಎತ್ತರದ ಸಮಸ್ಯೆ. ಶೀರ್ಷಿಕೆಗಳಿಗೆ ಇಂಗ್ಲಿಷನ್ನು ಗಮನದಲ್ಲಿಟ್ಟು ಅಕ್ಷರದ ಅಳತೆಯಷ್ಟೇ ಸಾಲಿನ ಎತ್ತರ ಕೊಡಲಾಗಿತ್ತು, ಉಕ್ಕಿದ್ದನ್ನು ಮರೆಮಾಡುವ ಸೂಚನೆಯೂ ಇತ್ತು. ‘ಹಸ್ತಕಲೆ’ಯ ಕೆಳಗಿನ ತವೊತ್ತು ಅರ್ಧ ಕತ್ತರಿಸಿಹೋಗಿತ್ತು, ‘ರಾಷ್ಟ್ರಪ್ರಶಸ್ತಿ’ ಎಂಬ ಶೀರ್ಷಿಕೆಯಲ್ಲಿ ಎರಡು ಒತ್ತುಗಳು ಒಂದರ ಕೆಳಗೊಂದು ಇಳಿಯಬೇಕಾದಲ್ಲಿ ಕೆಳಗಿನದು ಕಾಣುತ್ತಲೇ ಇರಲಿಲ್ಲ. ಕನ್ನಡ ಓದುಗರು ಇಂಥದ್ದನ್ನು ಎಷ್ಟು ವರ್ಷ ಸಹಿಸಿಕೊಂಡು ಬಂದಿದ್ದಾರೆಂದರೆ, ತಾಣದ ಮಾಲೀಕರಿಗೆ ನಾನು ತೋರಿಸುವವರೆಗೆ ಅದು ತಪ್ಪೆಂದೇ ಅನಿಸಿರಲಿಲ್ಲ.

ಎರಡನೆಯದು ಚಿತ್ರಗಳು. ಬಿದ್ರಿಯ ಫೋಟೊ ತೆಗೆಯುವುದೇ ಕಷ್ಟ: ಮಸಿಗಪ್ಪು ಮೈ, ಅದರ ಮೇಲೆ ಕೂದಲೆಳೆಯಂಥ ಬೆಳ್ಳಿ. ಜೆಪೆಗ್ ಸಂಕೋಚನ ಹೆಚ್ಚಾದರೆ ಬೆಳ್ಳಿಯ ಗೆರೆಯ ಅಂಚಿನಲ್ಲಿ ಕಪ್ಪು ಲೋಹದ ಮೇಲೆ ಬೂದು ಚೌಕಗಳು ಏಳುತ್ತವೆ, ಕೊಳ್ಳುವವರು ಅದನ್ನು ವಸ್ತುವಿನ ದೋಷವೆಂದು ತಿಳಿಯುತ್ತಾರೆ. ಇದಕ್ಕೆ ಹೆದರಿ ಆಪರೇಟರ್ ಕ್ಯಾಮೆರಾದ ಮೂಲ ಚಿತ್ರವನ್ನೇ ಪುಟಕ್ಕೆ ಸೇರಿಸಿ, ಮೂಲೆ ಹಿಡಿದು ಎಳೆದು ಚಿಕ್ಕದು ಮಾಡುತ್ತಿದ್ದರು. ಕಣ್ಣಿಗೆ ಚಿಕ್ಕದಾದರೂ ಫೈಲು ಚಿಕ್ಕದಾಗುವುದಿಲ್ಲ. ಒಂದು ಹೂಜಿಯ ಪುಟ ತೆರೆಯಲು ಗ್ರಾಹಕರ ಫೋನು 4 ಎಂಬಿಗೂ ಹೆಚ್ಚಿನ ಚಿತ್ರವನ್ನು ಎಳೆದುಕೊಳ್ಳಬೇಕಿತ್ತು.

ಮೂರನೆಯದು ಬೀದರಿನದೇ ವಿಶೇಷ. ಈ ಊರಿನಲ್ಲಿ ಕನ್ನಡ, ಉರ್ದು, ಮರಾಠಿ, ತೆಲುಗು ಎಲ್ಲವೂ ಬೀದಿಯ ಮಾತುಗಳೇ. ಕುಶಲಕರ್ಮಿಗಳಲ್ಲಿ ಬಹಳ ಜನರ ಮನೆಮಾತು ದಖನಿ ಉರ್ದು. ತಾರ್‌ಕಶಿ, ತೆಹ್‌ನಿಶಾನ್ ಮೊದಲಾದ ಕೆಲಸದ ಹೆಸರುಗಳೂ ಆ ಕಡೆಯಿಂದ ಬಂದವು. ಕನ್ನಡ ಮತ್ತು ಇಂಗ್ಲಿಷ್ ಪುಟಗಳ ಜೊತೆಗೆ ಉರ್ದು ಪುಟಗಳೂ ಬೇಕೆಂದು ಮಾಲೀಕರ ಆಸೆ. ಉರ್ದು ಬಲದಿಂದ ಎಡಕ್ಕೆ ಹರಿಯುತ್ತದೆ. ಅಂದರೆ ಮೆನು, ಚಿತ್ರದ ಪಕ್ಕದ ಅಂತರ, ಪಟ್ಟಿಯ ಗುರುತು ಎಲ್ಲವೂ ಕನ್ನಡಿಯಂತೆ ತಿರುಗಬೇಕು. ಎಡ, ಬಲ ಎಂದು ಅಂತರ ಹೇಳುವ ಹಳೆಯ ಸಿಎಸ್‌ಎಸ್‌ನಲ್ಲಿ ಇದಕ್ಕಾಗಿ ಪ್ರತಿಯೊಂದು ನಿಯಮವನ್ನೂ ಎರಡು ಬಾರಿ ಬರೆಯಬೇಕಾಗುತ್ತದೆ. ಇಂದಿನ ಸಿಎಸ್‌ಎಸ್‌ನಲ್ಲಿ ಸಾಲಿನ ‘ಆರಂಭ’ ಮತ್ತು ‘ಅಂತ್ಯ’ ಎಂದು ಹೇಳುವ ತಾರ್ಕಿಕ ಗುಣಗಳಿವೆ, ಭಾಷೆಯ ದಿಕ್ಕು ಬದಲಾದರೆ ಅಂತರವೂ ತಾನಾಗಿ ಬದಲಾಗುತ್ತದೆ. ನಮ್ಮ ತಂತ್ರಾಂಶದ ಶೈಲಿ ಫಲಕಕ್ಕೆ ಅವುಗಳ ಹೆಸರೇ ಗೊತ್ತಿಲ್ಲ.

ಮಾಡಿದ ಕೆಲಸ

ಟೆಂಪ್ಲೇಟನ್ನು ಹೊಸದಾಗಿ ಬರೆದೆವು. ಕೋಷ್ಟಕ ಹೋಯಿತು, ವ್ಯೂಪೋರ್ಟ್ ಸೂಚನೆ ಬಂತು, ಯುಟಿಎಫ್-8 ಘೋಷಣೆ ಬಂತು, ಪುಟದ ಭಾಷೆ ಯಾವುದೆಂದು ತಿಳಿಸುವ ಗುಣ ಸೇರಿತು. ಸಂಖ್ಯೆಗಳನ್ನು ಅಕ್ಷರವಾಗಿಸಲು ಒಂದು ಚಿಕ್ಕ ಸ್ಕ್ರಿಪ್ಟ್ ಸಾಕಾಯಿತು, ನುಡಿಯ ಹಳೆಯ ಪಠ್ಯವನ್ನು ಪರಿವರ್ತಕದಲ್ಲಿ ಹಾಕಿ ಕಣ್ಣಿನಿಂದ ಮತ್ತೊಮ್ಮೆ ಓದಬೇಕಾಯಿತು. ಸಾಲಿನ ಎತ್ತರವನ್ನು ಪಿಕ್ಸೆಲಿನಲ್ಲಿ ಹೇಳುವುದನ್ನು ಬಿಟ್ಟು ಅಕ್ಷರದ ಅಳತೆಯ ಅನುಪಾತದಲ್ಲಿ ಹೇಳಿದೆವು: ಕನ್ನಡ ಪಠ್ಯಕ್ಕೆ 1.7, ಶೀರ್ಷಿಕೆಗೆ 1.45. ಉಕ್ಕಿದ್ದನ್ನು ಮರೆಮಾಡುವ ಸೂಚನೆಯನ್ನು ಕಿತ್ತುಹಾಕಿದೆವು. ಫಾಂಟಿಗೆ ನೋಟೊ ಸ್ಯಾನ್ಸ್ ಕನ್ನಡವನ್ನು ವೆಬ್‌ಗಾಗಿ ಕುಗ್ಗಿಸಿದ ವಾಫ್2 ರೂಪದಲ್ಲಿ ತಾಣದಲ್ಲಿಯೇ ಇಟ್ಟೆವು.

ಗ್ರಿಡ್ ವಿಷಯದಲ್ಲಿ ಸ್ವಲ್ಪ ಯುಕ್ತಿ ಬೇಕಾಯಿತು. ವಸ್ತುಗಳ ಗ್ಯಾಲರಿಗೆ ಗ್ರಿಡ್‌ಗಿಂತ ಒಳ್ಳೆಯ ಸಾಧನವಿಲ್ಲ, ಆದರೆ ತಂತ್ರಾಂಶದ ವಿನ್ಯಾಸ ನೋಟದಲ್ಲಿ ಎಲ್ಲವೂ ಒಂದರ ಕೆಳಗೊಂದು ಉದ್ದಕ್ಕೆ ನಿಂತುಬಿಡುತ್ತಿತ್ತು, ಆಪರೇಟರ್ ಯಾವ ವಸ್ತುವನ್ನು ತಿದ್ದುತ್ತಿದ್ದೇನೆಂದು ತಿಳಿಯದೆ ಗೊಂದಲಕ್ಕೆ ಬೀಳುತ್ತಿದ್ದರು. ಸಿಎಸ್‌ಎಸ್‌ನಲ್ಲಿ ‘ಸಪೋರ್ಟ್ಸ್’ ಎಂಬ ಷರತ್ತಿನ ನಿಯಮವಿದೆ: ಇಂಥ ಗುಣ ಗೊತ್ತಿದ್ದರೆ ಮಾತ್ರ ಒಳಗಿನದನ್ನು ಪಾಲಿಸು ಎನ್ನುತ್ತದೆ. ಆ ನಿಯಮವೇ ಗೊತ್ತಿಲ್ಲದ ಹಳೆಯ ಎಂಜಿನು ಇಡೀ ಭಾಗವನ್ನು ದಾಟಿಹೋಗುತ್ತದೆ. ಹೀಗಾಗಿ ಹೊರಗೆ, ಅಂಶಗಳನ್ನು ಪಕ್ಕಕ್ಕೆ ಸರಿಸಿ ನಿಲ್ಲಿಸುವ ಹಳೆಯ ಫ್ಲೋಟ್ ವಿನ್ಯಾಸವನ್ನೂ ಷರತ್ತಿನೊಳಗೆ ಗ್ರಿಡ್ ವಿನ್ಯಾಸವನ್ನೂ ಬರೆದೆವು. ಗ್ರಿಡ್‌ನೊಳಗಿನ ಅಂಶಗಳ ಮೇಲೆ ಫ್ಲೋಟ್ ಹೇಗೂ ಪರಿಣಾಮ ಬೀರುವುದಿಲ್ಲ, ಅಗಲವನ್ನಷ್ಟೇ ಮರಳಿ ಸ್ವಯಂಚಾಲಿತ ಮಾಡಬೇಕು. ಈಗ ತಂತ್ರಾಂಶದೊಳಗೆ ಫ್ಲೋಟ್ ಕಾಣುತ್ತದೆ, ಗ್ರಾಹಕರ ಫೋನಿನಲ್ಲಿ ಗ್ರಿಡ್ ಕಾಣುತ್ತದೆ. ನಾನು ಈ ಏರ್ಪಾಡನ್ನು ಮೆಚ್ಚುತ್ತೇನೆಂದು ಹೇಳಲಾರೆ, ಆದರೆ ಅದು ನಡೆಯುತ್ತಿದೆ.

ಚಿತ್ರಗಳಿಗೆ ಇರ್ಫಾನ್‌ವ್ಯೂ ಎಂಬ ಚಿತ್ರ ತಂತ್ರಾಂಶದ ಗುಂಪು ಪರಿವರ್ತನೆಯಲ್ಲಿ 480, 960 ಮತ್ತು 1600 ಪಿಕ್ಸೆಲ್ ಅಗಲದ ಮೂರು ಪ್ರತಿಗಳನ್ನು ಮಾಡಿ, ಪರದೆಗೆ ತಕ್ಕದ್ದನ್ನು ಬ್ರೌಸರೇ ಆರಿಸಿಕೊಳ್ಳುವಂತೆ ಕೋಡ್ ಬರೆದೆವು. ಫೋನಿಗೆ ಹೋಗುವ ಹೂಜಿಯ ಚಿತ್ರ ಈಗ 200 ಕೆಬಿಯೊಳಗಿದೆ, ಬೆಳ್ಳಿಯ ಗೆರೆ ಹರಿತವಾಗಿಯೇ ಉಳಿದಿದೆ. ಸತ್ತ ಫಾರ್ಮಿನ ಜಾಗದಲ್ಲಿ ವಾಟ್ಸಾಪ್ ಲಿಂಕ್ ಬಂತು. ವಸ್ತುವಿನ ಪುಟದಲ್ಲಿ ಅದನ್ನು ಒತ್ತಿದರೆ ಆ ವಸ್ತುವಿನ ಸಂಖ್ಯೆ ಮೊದಲೇ ಬರೆದಿರುವ ಸಂದೇಶ ತೆರೆಯುತ್ತದೆ. ಎಚ್‌ಟಿಟಿಪಿಎಸ್‌ಗೆ ಲೆಟ್ಸ್ ಎನ್‌ಕ್ರಿಪ್ಟ್‌ನ ಉಚಿತ ಪ್ರಮಾಣಪತ್ರ ಸಾಕಾಯಿತು. ಚಿತ್ರಗಳ ಹಳೆಯ, ಎಚ್‌ಟಿಟಿಪಿಯಿಂದ ಆರಂಭವಾಗುವ ಪೂರ್ಣ ವಿಳಾಸಗಳನ್ನು ತಾಣದಾದ್ಯಂತ ಹುಡುಕಿ ಬದಲಿಸುವ ಕೆಲಸವನ್ನು ಎಕ್ಸ್‌ಪ್ರೆಷನ್ ವೆಬ್ ಒಂದೇ ಹೊಡೆತಕ್ಕೆ ಮಾಡಿಕೊಟ್ಟಿತು.

ಬೇಡಿಕೆಗಳು

ಕೆಲಸ ಮುಗಿಯುವ ಹೊತ್ತಿಗೆ, ಈ ತಂತ್ರಾಂಶಕ್ಕೆ ಅಥವಾ ಅದರ ಜಾಗಕ್ಕೆ ಬರಬಹುದಾದ ಬೇರೊಂದಕ್ಕೆ ಏನು ಬೇಕೆಂಬುದು ನಮ್ಮಿಬ್ಬರಿಗೂ ಸ್ಪಷ್ಟವಾಗಿತ್ತು. ವಿನ್ಯಾಸ ನೋಟದ ಎಂಜಿನು ಇಂದಿನದಾಗಬೇಕು. ಇದು ಅಸಾಧ್ಯದ ಮಾತಲ್ಲ: 2020ರಿಂದ ಮೈಕ್ರೋಸಾಫ್ಟ್‌ನದೇ ವೆಬ್‌ವ್ಯೂ2 ಮೂಲಕ ವಿಂಡೋಸಿನ ಯಾವುದೇ ಡೆಸ್ಕ್‌ಟಾಪ್ ತಂತ್ರಾಂಶದೊಳಗೆ ಎಡ್ಜ್ ಬ್ರೌಸರಿನ ಕ್ರೋಮಿಯಂ ಎಂಜಿನನ್ನು ಕೂರಿಸಬಹುದು. ಅದರ ಪಕ್ಕದಲ್ಲಿ ಪರದೆಯ ಅಗಲವನ್ನು ಎಳೆದು ಹಿಗ್ಗಿಸಿ ಕುಗ್ಗಿಸುವ ಒಂದು ಪಟ್ಟಿಯಿದ್ದರೆ, ಫೋನಿನಲ್ಲಿ ಹೇಗೆ ಕಾಣುತ್ತದೆಂದು ನೋಡಲು ಆಪರೇಟರ್ ಪ್ರತಿ ಸಲವೂ ಬ್ರೌಸರಿಗೆ ಹೋಗಿ ಎಫ್12 ಒತ್ತಬೇಕಾಗುವುದಿಲ್ಲ.

ಚಿತ್ರವನ್ನು ಪುಟಕ್ಕೆ ಸೇರಿಸಿದ ಗಳಿಗೆಯಲ್ಲೇ ಬೇಕಾದ ಅಳತೆಯ ಪ್ರತಿಗಳು, ವೆಬ್‌ಪಿ ಅಥವಾ ಎವಿಐಎಫ್ ಎಂಬ ಹಗುರವಾದ ಚಿತ್ರ ರೂಪ, ಅಗಲ ಎತ್ತರಗಳ ನಮೂದು ಎಲ್ಲವೂ ತಾವಾಗಿ ಆಗಬೇಕು. ಚಿತ್ರದ ವಿವರಣೆ ಬರೆಯದೆ ಮುಂದೆ ಹೋದರೆ ತಡೆದು ಕೇಳಬೇಕು. ಲಿಪಿಯ ಅರಿವು ಇರಬೇಕು: ಭಾಷೆ ಕನ್ನಡವೆಂದಾದ ಮೇಲೆ ಒತ್ತಕ್ಷರ ಕತ್ತರಿಸುವಷ್ಟು ಕಿರಿದಾದ ಸಾಲಿನ ಎತ್ತರಕ್ಕೆ ಎಚ್ಚರಿಕೆ, ಉರ್ದುವೆಂದಾದ ಮೇಲೆ ದಿಕ್ಕು ಬದಲಾವಣೆ ಮತ್ತು ಅದರ ನಸ್ತಾಲಿಖ್ ಎಂಬ ಬರಹ ಶೈಲಿಗೆ ಬೇಕಾದ ಇನ್ನೂ ಹೆಚ್ಚಿನ ಎತ್ತರ. ಕಾಗುಣಿತ ತಪ್ಪಿಗೆ ಕೆಂಪು ಗೆರೆ ಎಳೆಯುವ ತಂತ್ರಾಂಶಗಳು ಕತ್ತರಿಸಿಹೋದ ಒತ್ತಿಗೆ ಸುಮ್ಮನಿರುವುದು ನನಗೆ ಇಂದಿಗೂ ಒಗಟೇ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಬೇಡಿಕೆ ಬೇರೆ. ತಾಣದಲ್ಲಿ ಎಂಬತ್ತರಷ್ಟು ವಸ್ತುಗಳಿವೆ. ಪ್ರತಿಯೊಂದಕ್ಕೂ ಹೆಸರು, ಕೆಲಸದ ಬಗೆ, ಎತ್ತರ, ತೂಕ, ಬೆಲೆ ಮತ್ತು ಚಿತ್ರ, ಅವಿಷ್ಟೂ ಎರಡು ಭಾಷೆಯಲ್ಲಿ, ನಾಳೆ ಮೂರರಲ್ಲಿ. ಬೆಳ್ಳಿಯ ದರ ಏರಿದಾಗಲೆಲ್ಲ ಆಪರೇಟರ್ ಒಂದೊಂದು ಪುಟವನ್ನೂ ತೆರೆದು ಬೆಲೆ ತಿದ್ದುತ್ತಾರೆ. ಟೆಂಪ್ಲೇಟು ಪುಟದ ಚೌಕಟ್ಟನ್ನು ಒಂದೆಡೆ ಇಟ್ಟಂತೆ, ವಸ್ತುಗಳ ವಿವರವನ್ನೂ ಒಂದು ಎಕ್ಸೆಲ್ ಹಾಳೆಯಲ್ಲಿ ಇಟ್ಟು ಅದರಿಂದ ಪುಟಗಳನ್ನು ಹೊರಡಿಸುವ ಸೌಕರ್ಯವಿದ್ದರೆ ಈ ಶ್ರಮ ಇರುತ್ತಿರಲಿಲ್ಲ. ಹ್ಯೂಗೊ, ಇಲೆವೆಂಟಿ ಮೊದಲಾದ ಸ್ಥಿರ ತಾಣ ಜನಕಗಳು ಮಾಡುವುದು ಇದನ್ನೇ, ಆದರೆ ಅವು ಕಪ್ಪು ಪರದೆಯಲ್ಲಿ ಆಜ್ಞೆ ಟೈಪಿಸುವವರಿಗಾಗಿ ಇವೆ. ಟೆಂಪ್ಲೇಟು, ಹಾಳೆ, ಇಬ್ಭಾಗದ ನೋಟ ಈ ಮೂರನ್ನೂ ಒಂದೇ ಕಿಟಕಿಯಲ್ಲಿ ಕೊಡುವ ಡೆಸ್ಕ್‌ಟಾಪ್ ತಂತ್ರಾಂಶ ಬಂದರೆ ಆಪರೇಟರ್ ತಮ್ಮ ಷರತ್ತನ್ನು ಅಂದೇ ಹಿಂತೆಗೆದುಕೊಳ್ಳುತ್ತಾರೆ. ಇದನ್ನು ಅವರೇ ಹೇಳಿದ್ದಾರೆ. ಪುಟವನ್ನು ತಾನೇ ಬರೆದುಕೊಡುವ ಕೃತಕ ಬುದ್ಧಿಮತ್ತೆ, ಹಾರುವ ಶೀರ್ಷಿಕೆ, ಮೋಡದಲ್ಲಿನ ಖಾತೆ ಇವು ಅವರ ಪಟ್ಟಿಯಲ್ಲಿ ಇಲ್ಲ, ನನ್ನದರಲ್ಲೂ ಇಲ್ಲ.

ಈಗಿನ ಸ್ಥಿತಿ

ತಾಣ ಫೋನಿನಲ್ಲಿ ಓದುವಂತಾಗಿದೆ, ವಿಚಾರಣೆಗಳು ವಾಟ್ಸಾಪಿನಲ್ಲಿ ವಸ್ತುವಿನ ಸಂಖ್ಯೆಯ ಸಮೇತ ಬರುತ್ತಿವೆ. ಹೊಸ ಪುಟವನ್ನು ಆಪರೇಟರ್ ತಾವೇ ಮಾಡುತ್ತಾರೆ; ಚಿತ್ರದ ಮೂರು ಪ್ರತಿಗಳ ಕೋಡನ್ನು ಮಾತ್ರ ತುಣುಕಾಗಿ ಉಳಿಸಿಕೊಂಡು ಅಂಟಿಸಿ, ಫೈಲಿನ ಹೆಸರು ಬದಲಿಸುತ್ತಾರೆ. ಎಕ್ಸ್‌ಪ್ರೆಷನ್ ವೆಬ್‌ನ ಇನ್‌ಸ್ಟಾಲರ್ ಫೈಲನ್ನು ಎರಡು ಕಡೆ ನಕಲಿಸಿ ಇಟ್ಟಿದ್ದೇವೆ, ಏಕೆಂದರೆ ವಿಂಡೋಸಿನ ಮುಂದಿನ ಯಾವ ಪರಿಷ್ಕರಣೆಯಲ್ಲಿ ಅದು ನಡೆಯದೆ ಹೋಗುತ್ತದೆಂದು ಯಾರೂ ಖಾತರಿ ಕೊಡಲಾರರು. ಉರ್ದು ಪುಟಗಳು ಇನ್ನೂ ಆಗಿಲ್ಲ. ಬೆಲೆಗಳನ್ನು ಸದ್ಯಕ್ಕೆ ಪುಟಗಳಿಂದಲೇ ತೆಗೆದು, ‘ಇಂದಿನ ದರಕ್ಕೆ ಸಂದೇಶ ಕಳುಹಿಸಿ’ ಎಂದು ಬರೆಯಲು ಮಾಲೀಕರು ಒಪ್ಪಿದ್ದಾರೆ. ವಸ್ತುಗಳ ವಿವರವನ್ನು ಹಾಳೆಗೆ ಇಳಿಸುವ ಕೆಲಸವನ್ನು ಆಪರೇಟರ್ ಸುರಾಹಿಗಳಿಂದ ಆರಂಭಿಸಿದ್ದಾರೆ. ಅದು ಪೂರ್ತಿಯಾದರೆ ಇಲೆವೆಂಟಿಯಲ್ಲಿ ಪುಟ ಹೊರಡಿಸುವ ಆಜ್ಞೆಯನ್ನು ಒಂದು ಐಕಾನಿನ ಹಿಂದೆ ಅಡಗಿಸಿ, ಎರಡು ಬಾರಿ ಕ್ಲಿಕ್ ಮಾಡಿದರೆ ನಡೆಯುವಂತೆ ಮಾಡಿಕೊಡುವುದಾಗಿ ನಾನು ಒಪ್ಪಿಕೊಂಡಿದ್ದೇನೆ.